ಕಣಿವೆ ಕಾಣುವ ರೂಮು, ಅತ್ತೆಮ್ಮನ ಕೆಮ್ಮು

ಮೈಲಾಪೂರ್, ಚೆನ್ನೈ
ಆಗಸ್ಟ್ 2004

ಮದ್ದೂರಿನಲ್ಲಿ ಮಗಳ ಮನೆ ಸೇರಿಕೊಂಡು ಕೂತಿರುವ ನನ್ನ ಅತ್ತೆಮ್ಮನಿಗೆ, ಸೊಸೆ ಪಾವನಾಳ ನಮಸ್ಕಾರ.

ಇಲ್ಲಿ ನಿಮ್ಮ ಮಗ ಕ್ಷೇಮ, ಮೊಮ್ಮಗಳು ಮೌನ ಕ್ಷೇಮ, ನೀವು ಬೈದು ಬೈದು ಬೆಳೆಸಿದ ಕರಿಬೇವಿನ ಕುಂಡವೂ ಕ್ಷೇಮ. ನಾನೊಬ್ಬಳು ಮಾತ್ರ ಕ್ಷೇಮವಾಗಿಲ್ಲ. ಈ ಕಾಗದವನ್ನು ಊಟದ ಮೇಜಿನ ಮೇಲೆ ಶುರು ಮಾಡಿದೆ. ಅಲ್ಲಿ ಕೂರಲಾಗದೆ ಅಡುಗೆಮನೆಯ ಕಟ್ಟೆಗೆ ಬಂದೆ. ಈಗ ನಿಮ್ಮ ಮಂಚದ ಮೇಲೆ ಕೂತು ತೊಡೆಯ ಮೇಲೆ ಮೌನಳ ಪರೀಕ್ಷೆಯ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲಿಂದಲೂ ಯಾವಾಗ ಏಳುತ್ತೇನೋ ಗೊತ್ತಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನೀವು ಮಾತಾಡಲು ಬಿಟ್ಟರೆ ತಾನೆ. "ಎಸ್ಟೀಡಿ ದುಡ್ಡು ಓಯ್ತದೆ, ಇಡು ಕಣವ್ವ" ಎಂದು ನೀವೇ ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ನೀವು ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತೀರೆಂದು ಗೊತ್ತಿರುವುದರಿಂದ ದುಂಡಗೆ, ದಪ್ಪಗೆ ಬರೆದಿದ್ದೇನೆ. ಪುಟ್ಟತಾಯಿಯ ಕೈಗೆ ಕೊಟ್ಟು ಓದಿಸಬೇಡಿ. ಅವಳು ನಿಮ್ಮ ಮಗಳೇ ಇರಬಹುದು, ಆದರೆ ಇದು ನಮ್ಮಿಬ್ಬರ ನಡುವಿನದು.

ನಾಲ್ಕು ದಿನ ಇದ್ದು ಬರುತ್ತೇನೆಂದು ಹೋದವರು ನೀವು. ಎರಡು ತಿಂಗಳಾಯಿತು. ಮೊನ್ನೆ, ಇನ್ನು ಮೇಲೆ ಮದ್ದೂರಿನಲ್ಲೇ ಇರುತ್ತೇನೆ, ಸೀರೆ ಕಳಿಸಿ ಎಂದು ಹೇಳಿ ಕಳಿಸಿದ್ದೀರಿ. ಸೀರೆ ಕಳಿಸುವುದಿಲ್ಲ. ನೀವು ಯಾಕೆ ಹೋದಿರಿ ಎನ್ನುವುದು ನನಗೆ ಗೊತ್ತಾಗಿದೆ, ನೀವು ವಾಪಸ್ ಬರಲೇಬೇಕು. ಹೇಗೆ ಗೊತ್ತಾಯಿತೆಂದು ಹೇಳಬೇಕಾದರೆ ನಮ್ಮ ರೂಮುಗಳ ಕಥೆಯಿಂದಲೇ ಶುರು ಮಾಡಬೇಕು. ಅರ್ಧ ನಿಮಗೆ ಗೊತ್ತಿರುವುದೇ, ಆದರೂ ಓದಿ.

ನೀವು ಇಲ್ಲಿಗೆ ಬರುವುದಕ್ಕೆ ಮೊದಲು, ತೊಂಬತ್ತೆಂಟರಲ್ಲಿ, ಮೌಂಟ್ ರೋಡಿನ ದೊಡ್ಡ ಹೋಟೆಲಿನಲ್ಲಿ ಬಿಟ್ಟಿ ಊಟವಿದೆ ಎಂದು ನಿಮ್ಮ ಮಗ ನಮ್ಮನ್ನು ಕರೆದುಕೊಂಡು ಹೋದರು. ಟೈ ಕಟ್ಟಿದ ಹುಡುಗರು ಪರದೆಯ ಮೇಲೆ ಬೆಟ್ಟ, ಸಮುದ್ರ ಎಲ್ಲ ತೋರಿಸಿದರು. ಒಮ್ಮೆ ಹಣ ಕಟ್ಟಿದರೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ ಏರ್ಕಾಡಿನ ರೆಸಾರ್ಟಿನ ಮನೆ ನಮ್ಮದಂತೆ. ಏರ್ಕಾಡು ಬೇಸರವಾದರೆ ಆ ವಾರವನ್ನು ಅವರ ಕ್ಲಬ್ಬಿಗೆ ಒಪ್ಪಿಸಿ, ಬದಲಿಗೆ ಮುನ್ನಾರಿನಲ್ಲೋ ಕೊಡೈಕೆನಾಲಿನಲ್ಲೋ ಇನ್ನೊಬ್ಬರು ಬಿಟ್ಟ ವಾರವನ್ನು ತೆಗೆದುಕೊಳ್ಳಬಹುದಂತೆ. ನಮ್ಮ ಹಜಾರದ ಕಿಟಕಿ ನಿಮಗೆ ಗೊತ್ತೇ ಇದೆ. ಕೈ ಚಾಚಿದರೆ ಪಕ್ಕದ ಫ್ಲಾಟಿನ ಗೋಡೆ ಸಿಗುತ್ತದೆ. ಮೌನ ಚಿಕ್ಕವಳಿದ್ದಾಗ ಆ ಗೋಡೆಗೇ ಸೀಮೆಸುಣ್ಣದಲ್ಲಿ ಸೂರ್ಯನನ್ನು ಬರೆದಿದ್ದಳು. ಅಂಥ ಮನೆಯವರ ಮುಂದೆ ಬೆಟ್ಟ ತೋರಿಸಿದರೆ ಏನಾಗುತ್ತದೆ? ಐಸ್‌ಕ್ರೀಮು ಬರುವುದರೊಳಗೆ ನಿಮ್ಮ ಮಗ ಸಹಿ ಹಾಕಿಯಾಗಿತ್ತು.

ಮೊದಲ ವರ್ಷ ಬದಲಿ ವಾರ ಹಿಡಿದು ಕೊಡೈಕೆನಾಲಿಗೆ ಹೋದೆವು. ರೂಮಿನ ಪರದೆ ಸರಿಸಿದರೆ ಎದುರಿಗೆ ಜನರೇಟರ್. ಎರಡನೆಯ ವರ್ಷ ಮುನ್ನಾರಿನಲ್ಲಿ 'ಗಾರ್ಡನ್ ವ್ಯೂ' ಎಂದು ಬರೆದುಕೊಟ್ಟಿದ್ದರು. ಎರಡು ಕ್ರೋಟನ್ ಗಿಡ, ಅದರ ಹಿಂದೆ ಸಾಲಾಗಿ ನಿಂತ ಕಾರುಗಳು. 'ಪಾರ್ಶಿಯಲ್ ವ್ಯೂ' ಎಂದರೆ ಬಚ್ಚಲಿನ ಸ್ಟೂಲು ಹತ್ತಿ ಗವಾಕ್ಷಿಯಲ್ಲಿ ಕತ್ತು ತೂರಿಸಿದರೆ ಕಾಣುವ ಬೆಟ್ಟ ಎಂದು ಅಲ್ಲಿಯೇ ಕಲಿತದ್ದು. ಆ ರೆಸಾರ್ಟಿನಲ್ಲೇ ವಾರ ಕೊಂಡವರಿಗೆ ಕಣಿವೆಯ ಕಡೆಯ ರೂಮು, ನಮ್ಮಂಥ ಎಕ್ಸ್‌ಚೇಂಜಿನವರಿಗೆ ಹಿತ್ತಲ ಕಡೆಯದು. ಮದುವೆ ಮನೆಗೆ ಕರೆಯದೆ ಬಂದವರನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತಿದ್ದರು. ನಾನು ಕೌಂಟರಿಗೆ ಹೊರಟರೆ ನಿಮ್ಮ ಮಗ ಸೆರಗು ಹಿಡಿದು ನಿಲ್ಲಿಸುವುದು: "ಕೊಟ್ಟಿದ್ದು ತಗೊಂಡ್ರಾಯ್ತು ಬಿಡೇ, ಮಲ್ಗೋಕೆ ತಾನೆ." ಮಲಗುವುದಕ್ಕೆ ಮುನ್ನಾರಿಗೆ ಯಾಕೆ ಹೋಗಬೇಕು ಅತ್ತೆಮ್ಮ? ಇನ್ಶೂರೆನ್ಸ್ ಆಫೀಸಿನಲ್ಲಿ ಜಗಳವಾಡುವವರನ್ನೆಲ್ಲ ಸಮಾಧಾನ ಮಾಡಿ ಕಳಿಸುವ ಮನುಷ್ಯ, ತನಗೆಂದು ಒಂದು ಕಿಟಕಿ ಕೇಳಲಾರರು.

ಆಮೇಲೆ ನಾನೇ ಸೊಂಟ ಕಟ್ಟಿದೆ. ಕ್ಲಬ್ಬಿನವರನ್ನು ನಂಬದೆ ನೇರ ರೆಸಾರ್ಟಿಗೇ ಫೋನು ಮಾಡುವುದು, ಹೊರಡುವ ಮೊದಲು ಮತ್ತೊಮ್ಮೆ ಮಾಡುವುದು, ಹಿಂದಿನ ವಾರದವರು ಖಾಲಿ ಮಾಡುವ ಹೊತ್ತಿಗೇ ಹೋಗಿ ಬಾಗಿಲಲ್ಲಿ ಕೂರುವುದು, ಒಳ್ಳೆಯ ರೂಮಿನ ನಂಬರನ್ನು ವಾಚ್‌ಮನ್ನನಿಂದ ತಿಳಿದುಕೊಂಡು ಅದನ್ನೇ ಹೆಸರು ಹಿಡಿದು ಕೇಳುವುದು, ಎಲ್ಲ ಕಲಿತೆ. ಇಷ್ಟಾದರೂ ಸಿಗುತ್ತಿದ್ದುದು ಅರ್ಧ ಬೆಟ್ಟ. ಪೂರ್ತಿ ಬೆಟ್ಟ ಸಿಕ್ಕಿದ್ದು ನೀವು ಬಂದ ಮೇಲೆ.

ಎರಡು ಸಾವಿರದ ಒಂದನೇ ಇಸವಿ, ಮತ್ತೆ ಮುನ್ನಾರು. ಮತ್ತೆ ಅದೇ ಕ್ರೋಟನ್ ಗಿಡದ ರೂಮಿನ ಬೀಗದಕೈ ಕೊಟ್ಟರು. ನನಗೆ ರೇಗಿಹೋಯಿತು. ಸೂಟ್‌ಕೇಸಿನ ಮೇಲೆ ಕೂತಿದ್ದ ನಿಮ್ಮನ್ನು ತೋರಿಸಿ ತಮಿಳಿನಲ್ಲಿ ಅಂದುಬಿಟ್ಟೆ: ಇವರು ನಮ್ಮ ಅತ್ತೆ, ವಯಸ್ಸಾಗಿದೆ, ಇದು ಅವರ ಕಡೆಯ ಪ್ರವಾಸ, ಕಣ್ಣು ತುಂಬ ಒಂದು ಸಲ ಕಣಿವೆ ನೋಡಲಿ. ನಿಮಗೆ ತಮಿಳು ಬರುವುದಿಲ್ಲ ಎನ್ನುವ ಧೈರ್ಯ ನನಗೆ. ಅಷ್ಟು ಹೇಳಿ ತಿರುಗಿ ನೋಡುತ್ತೇನೆ, ನೀವು ಕೆಮ್ಮುತ್ತಿದ್ದೀರಿ! ಮೂರು ಸಲ ದೀರ್ಘವಾಗಿ, ಕೊನೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮೇಲೆ ಮಾಡಿ. ಮ್ಯಾನೇಜರು ಓಡಿಬಂದು ನೀರು ಕೊಟ್ಟ. ನಿಮ್ಮ ಮಗ ಗಾಬರಿಯಾಗಿ ಬೆನ್ನು ನೀವಿದರು. ಮೇಲಿನ ಅಂತಸ್ತಿನ ಮೂಲೆ ರೂಮಿನ ಬೀಗದಕೈ ನನ್ನ ಕೈಗೆ ಬಂತು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನೀವು ಸೆರಗು ತೆಗೆದು ಕೇಳಿದಿರಿ: "ಸರ್ಯಾಗ್ ಕೆಮ್ಮುದ್ನೇನವ್ವ?"

ಸೊಪ್ಪಿನವಳ ಹತ್ತಿರ ದಿನಾ ಚೌಕಾಸಿ ಮಾಡುತ್ತಾ ತಮಿಳು ಕಲಿತುಬಿಟ್ಟಿದ್ದಿರಿ, ನಮಗೆ ಯಾರಿಗೂ ಹೇಳಿರಲಿಲ್ಲ. ಲಿಫ್ಟಿನಲ್ಲಿ ನಾನು ನಕ್ಕು ನಕ್ಕು ಕೂತೇಬಿಟ್ಟೆ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಅವತ್ತು ನೀವು ನನಗೆ ಅತ್ತೆಯಾದಿರಿ. ಅಲ್ಲಿಯವರೆಗೆ ನೀವು ಅವರ ಅವ್ವ, ಅಷ್ಟೆ.

ಅಲ್ಲಿಂದ ಮುಂದೆ ನಮ್ಮದು ಜೋಡಿ ನಾಟಕ. ಕ್ಲಬ್ಬಿನ ಆಫೀಸಿನ ನೇಹಾ ಪ್ರತಿ ಸಲ ಫೋನಿನಲ್ಲಿ "ಪಾಟ್ಟಿ ಎಪ್ಪಡಿ ಇರುಕ್ಕಾಂಗ?" ಎಂದು ಅಜ್ಜಿಯನ್ನು ವಿಚಾರಿಸುವುದು, ನಾನು ನಿಟ್ಟುಸಿರು ಬಿಡುವುದು, ಪಕ್ಕದಲ್ಲಿ ನೀವು ಕೆಮ್ಮುವುದು. ಮೂರನೆಯ ವರ್ಷ ಅವಳು ಮೆಲ್ಲಗೆ ಕೇಳಿದಳು, "ಮೇಡಂ, ಹೋದ ವರ್ಷವೂ ಲಾಸ್ಟ್ ಟ್ರಿಪ್ ಅಂದಿದ್ರಿ ಅಲ್ವಾ?" ನಾನು ತಡಬಡಾಯಿಸುವಾಗ ರಿಸೀವರಿನ ಹತ್ತಿರ ಬಾಯಿ ತಂದು ನೀವು ಕೆಮ್ಮಿದ ರಭಸಕ್ಕೆ ಅವಳು ಸಮುದ್ರ ಕಾಣುವ ರೂಮನ್ನೇ ಕೊಟ್ಟಳು. "ದೇವ್ರು ವಾಯಿದೆ ಮುಂದುಕ್ ಆಕವ್ನೆ ಅನ್ನು" ಎಂದು ನನಗೆ ಹೇಳಿಕೊಟ್ಟವರೂ ನೀವೇ.

ಕೊಡೈಕೆನಾಲಿನ ಆ ದೊಡ್ಡ ರೂಮು ನೆನಪಿದೆಯಾ? ದಕ್ಷಿಣದ ಗೋಡೆಯೇ ಇರಲಿಲ್ಲ, ಪೂರ್ತಿ ಗಾಜು. ನಾನು ಗೆದ್ದ ರೂಮುಗಳಲ್ಲೇ ದೊಡ್ಡದು. ಮಂಚದಲ್ಲಿ ಒರಗಿದರೆ ಸಾಕು, ಕಣಿವೆ ಕಾಲ ಕೆಳಗೇ ಬರುತ್ತಿತ್ತು. ನೀವು ಬಾಗಿಲಲ್ಲೇ ನಿಂತು ಸೂರ್ಯ ಎಲ್ಲಿದ್ದಾನೆಂದು ನೋಡಿ, ಬೆರಳಲ್ಲಿ ದಿಕ್ಕು ಲೆಕ್ಕ ಹಾಕಿ, "ಬಡಗ್ಲಿಗೆ ತಲೆ ಆಕಿ ಮಲಗ್ತಾರೇನವ್ವ ಯಾರಾರ?" ಎಂದಿರಿ. ಮಂಚವನ್ನು ಗೋಡೆಗೇ ಬಿಗಿದಿದ್ದರು, ತಿರುಗಿಸುವ ಹಾಗಿರಲಿಲ್ಲ. ಎಲ್ಲರ ದಿಂಬುಗಳೂ ಕಾಲದೆಸೆಗೆ ಬಂದವು. ಅಷ್ಟು ಹೊಡೆದಾಡಿ ಪಡೆದ ಕಣಿವೆಗೆ ತಲೆ ಕೊಟ್ಟು, ಬೋಳು ಗೋಡೆ ನೋಡುತ್ತಾ ನಾವು ನಾಲ್ಕೂ ಜನ ಮಲಗಿದೆವು. "ಅಮ್ಮಾ, ಇದುಕ್ಕು ನಮ್ಮ ವೀಟ್‌ಲಯೇ ಇರುಂದಿರುಕ್ಕಲಾಂ," ಇದಕ್ಕಿಂತ ಮನೆಯಲ್ಲೇ ಇರಬಹುದಿತ್ತು ಎಂದು ಮೌನ ಗೊಣಗಿದಳು. ನನಗೆ ಅಳುವೊಂದೇ ಬಾಕಿ.

ಬೆಳಗ್ಗೆ ಎಚ್ಚರವಾದಾಗ ನೀವು ಬೋರಲು ಮಲಗಿ, ಗಲ್ಲಕ್ಕೆ ಎರಡೂ ಕೈ ಕೊಟ್ಟು, ಕಾಲು ಮೇಲೆತ್ತಿ ಆಡಿಸುತ್ತಾ ಹೊರಗೆ ನೋಡುತ್ತಿದ್ದಿರಿ. ಕಣಿವೆಯಿಂದ ಮೋಡ ಏಳುತ್ತಿತ್ತು. ನಾನೂ ಬೋರಲಾದೆ. ತುಂಬ ಹೊತ್ತಾದ ಮೇಲೆ ನೀವು ನಿಮ್ಮ ತಮ್ಮ ಅಂದಾನಿಯ ಹೆಸರೆತ್ತಿದಿರಿ. ಅವನಿಗೆ ಎದೆಯ ಕಾಯಿಲೆಯಾದಾಗ ಅಂಟುತ್ತದೆಂದು ಹಿತ್ತಲ ಕೋಣೆಯಲ್ಲಿ ಇಟ್ಟಿದ್ದರಂತೆ. ಅವನ ಲೋಟ, ತಟ್ಟೆ ಬೇರೆ. ನಿಮಗಾಗ ಹದಿನಾರೋ ಹದಿನೇಳೋ. ಬಾಗಿಲ ಸಂದಿಯಿಂದ ಅನ್ನ ತಳ್ಳಿ ಬರುತ್ತಿದ್ದವರು ನೀವೇ. "ಆ ಕೋಣೆಗೆ ಒಂದ್ ಕಿಟ್ಕಿನೂ ಇರ್ಲಿಲ್ಲ ಕಣವ್ವ," ಎಂದಿರಿ. "ವತ್ತಾಯ್ತಾ ಅಕ್ಕ, ಬೆಳ್ಗಾಯ್ತಾ ಅಕ್ಕ ಅಂತ ಕೇಳವ್ನು." ಅಷ್ಟೇ. ಆಮೇಲೆ ಎದ್ದು ಕಾಫಿ ಕಾಯಿಸಲು ಹೋದಿರಿ. ಅವತ್ತಿನಿಂದ ನಾನು ಒಳ್ಳೆಯ ರೂಮಿಗಾಗಿ ಹೊಡೆದಾಡುತ್ತಿದ್ದುದು ನಿಮ್ಮ ಮಗನ ಹಣ ಸಾರ್ಥಕವಾಗಲಿ ಎಂದಲ್ಲ, ನಿಮಗಾಗಿ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಇನ್ನು ಈ ವರ್ಷದ್ದು. ಜೂನ್ ತಿಂಗಳಲ್ಲಿ ಮತ್ತೆ ಮುನ್ನಾರಿಗೆಂದು ನೇಹಾಗೆ ಫೋನು ಮಾಡಿದೆ. ನೀವು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದಿರಿ. ಎಂದಿನಂತೆ ಕಣ್ಣಲ್ಲಿ ಸನ್ನೆ ಮಾಡಿದೆ. ನೀವು ಕೆಮ್ಮಲಿಲ್ಲ. ಕೈ ಅಡ್ಡ ಆಡಿಸಿದಿರಿ. ನಾನು ರಿಸೀವರಿಗೆ ಅಂಗೈ ಮುಚ್ಚಿ ಯಾಕೆ ಎಂದು ಕೇಳಿದೆ.

"ಬ್ಯಾಡ ಕಣವ್ವ. ಕಡೇ ಪ್ರವಾಸ ಅನ್ನೋ ಮಾತ ಈ ಸಲ ಆಡ್ಬ್ಯಾಡ. ಅಸ್ತು ಅನ್ನೋ ದೇವ್ರುಗ್ಳು ಮೇಲೆ ಸುತ್ತಾಡ್ತಿರ್ತವೆ."

"ಇಷ್ಟ್ ವರ್ಷ ಎಲ್ಲಿಗೆ ಹೋಗಿದ್ವು ಅವು?" ಎಂದು ನಾನು ನಕ್ಕೆ.

"ಇಷ್ಟ್ ವರ್ಸ ಸುಳ್ಳು ಅಂತ ಅವ್ಕೂ ಗೊತ್ತಿತ್ತು" ಎಂದು ನೀವು ಮೊರ ಎತ್ತಿಕೊಂಡು ಒಳಗೆ ಹೋದಿರಿ.

ಆ ಮಾತು ಆಗ ನನ್ನ ತಲೆಗೆ ಹತ್ತಲಿಲ್ಲ. ವಯಸ್ಸಾಯಿತು, ಏನೋ ಅಂಜಿಕೆ ಎಂದುಕೊಂಡೆ. ನೀವು ಹೋದ ಮೇಲೆ ಅದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡತೊಡಗಿತು. ಒಂದೊಂದೇ ನೆನಪಾಯಿತು. ನೀವು ಮೌನಳ ರೂಮು ಬಿಟ್ಟು, ಸೆಕೆ ಎಂದು ಹೇಳಿ ಹಜಾರದ ಮೂಲೆಯಲ್ಲಿ ಚಾಪೆ ಹಾಕಿಕೊಂಡದ್ದು. ನಿಮ್ಮ ಕಾಫಿ ಲೋಟವನ್ನು ನೀವೇ ತೊಳೆದು ಬೇರೆ ಗೂಡಿನಲ್ಲಿ ಇಟ್ಟುಕೊಳ್ಳತೊಡಗಿದ್ದು. ಮೌನ ಕೆನ್ನೆಗೆ ಕೆನ್ನೆ ಒತ್ತಲು ಬಂದರೆ "ಬೆವ್ತಿವ್ನಿ, ಅತ್ತಾಗೋಗು" ಎಂದು ದೂಡಿದ್ದು. ಎಲ್ಲಕ್ಕಿಂತ ಹೆಚ್ಚಾಗಿ ಬಚ್ಚಲಿನ ನಲ್ಲಿ.

ಅತ್ತೆಮ್ಮ, ಈ ಊರಿನ ನೀರಿನ ಬವಣೆ ನಿಮಗೆ ಹೇಳಬೇಕಾ? ಲಾರಿ ಬಂದರೆ ಕೊಡ ಹಿಡಿದು ಬೀದಿಗೆ ಮೊದಲು ಇಳಿಯುತ್ತಿದ್ದವರು ನೀವು. ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ, ಸೊಪ್ಪು ತೊಳೆದದ್ದನ್ನು ನೆಲ ಒರೆಸುವುದಕ್ಕೆ ಇಟ್ಟು, ನಾನು ಅರ್ಧ ಚೊಂಬು ಚೆಲ್ಲಿದರೂ ಊರೆಲ್ಲ ಕೇಳುವಂತೆ ಬೈಯುತ್ತಿದ್ದವರು. ಅಂಥವರು ಬೆಳಗಿನ ಜಾವ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಡುತ್ತಿದ್ದಿರಿ. ನನಗೆ ಕೇಳುತ್ತಿತ್ತು. ನೀರು ಸುರಿಯುವ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದೂ ಕೇಳುತ್ತಿತ್ತು. ನಿಮ್ಮ ನಾಟಕದ ಕೆಮ್ಮನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅದು ಜೋರು, ಅದಕ್ಕೆ ಲಯ ಇದೆ, ಎಲ್ಲರಿಗೂ ಕೇಳಲಿ ಎಂದು ಕೆಮ್ಮುವುದು. ಇದು ಯಾರಿಗೂ ಕೇಳಬಾರದೆಂದು ಕೆಮ್ಮಿದ್ದು.

ಇಷ್ಟು ಬರೆದು ಒಂದು ಸಲ ಎದ್ದೆ. ಬೀದಿಗೆ ಇಳಿದು ಸುಮ್ಮನೆ ಮೂಲೆಯ ಹೂವಿನಂಗಡಿಯವರೆಗೆ ಹೋಗಿ ಬಂದೆ. ಸೊಪ್ಪಿನವಳು ನಿಮ್ಮನ್ನು ಕೇಳಿದಳು. ಬರುತ್ತಾರೆ ಎಂದೆ.

ಕೋಯಂಬೇಡಿನಲ್ಲಿ ನಿಮ್ಮನ್ನು ಬೆಂಗಳೂರು ಬಸ್ಸು ಹತ್ತಿಸಿದ ದಿನ ನೀವು ಮೌನಳ ತಲೆ ಮುಟ್ಟಲಿಲ್ಲ. ದೂರದಿಂದಲೇ ನೆಟಿಕೆ ಮುರಿದಿರಿ. ಅದನ್ನೂ ನಾನು ಸುಮ್ಮನೆ ನೋಡಿಕೊಂಡು ನಿಂತಿದ್ದೆ. ನಿನ್ನೆ ಪುಟ್ಟತಾಯಿಗೆ ಫೋನು ಮಾಡಿ ಅದೂ ಇದೂ ಮಾತಾಡಿ, ಅತ್ತೆಮ್ಮ ಎಲ್ಲಿ ಮಲಗುತ್ತಾರೆ ಎಂದು ಕೇಳಿದೆ. "ಅಯ್ಯೋ ಅತ್ಗೆ, ಒಳ್ಳೆ ರೂಮ್ ಐತೆ ಅಂದ್ರೂ ಕೇಳಾಕಿಲ್ಲ. ಭತ್ತದ್ ಮೂಟೆ ಇಡೋ ಕೋಣೇಲೇ ಮಲಗ್ತೀನಿ ಅಂತ ಒಂದೇ ಅಟ" ಎಂದಳು ಅವಳು, ಪಾಪ, ಏನೂ ಗೊತ್ತಿಲ್ಲದೆ. ಆ ಕೋಣೆಯನ್ನು ನಾನು ನೋಡಿದ್ದೇನೆ. ಅದಕ್ಕೆ ಕಿಟಕಿ ಇಲ್ಲ.

ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ? ಊರೂರು ತಿರುಗಿ, ಸಿಕ್ಕಸಿಕ್ಕ ಮ್ಯಾನೇಜರನ ಹತ್ತಿರ ಜಗಳವಾಡಿ ನಿಮಗೆ ಕಣಿವೆ ತೋರಿಸಿದವಳು ನಾನು. ನೀವು ನನ್ನನ್ನು ಒಂದು ಮಾತು ಕೇಳದೆ ಆ ಕೋಣೆಗೆ ಹೋಗಿ ಸೇರಿಕೊಂಡಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಆ ರೂಮನ್ನು ಬದಲಾಯಿಸುತ್ತೇನೆ.

ಅಂದಾನಿ ಮಾವನ ಕಾಲ ಈಗಿಲ್ಲ. ಇಲ್ಲೇ ಲಜ್ ವೃತ್ತದಲ್ಲಿರುವ ಎದೆಯ ಡಾಕ್ಟರನ್ನು ಕಂಡು ಬಂದಿದ್ದೇನೆ. ಆ ಕಾಯಿಲೆಯೇ ಆಗಿದ್ದರೂ ಮಾತ್ರೆ ಇದೆ, ಆರು ತಿಂಗಳು ತಪ್ಪದೆ ನುಂಗಿದರೆ ವಾಸಿಯಾಗುತ್ತದೆ, ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಅಂಟುವ ಭಯವೂ ಕಡಿಮೆಯಾಗುತ್ತದೆ ಎಂದರು. ಬರೀ ಹಳೆಯ ಕಫವೂ ಇರಬಹುದಂತೆ. ಅದಕ್ಕಿಂತ ಕೆಟ್ಟದ್ದೂ ಇರಬಹುದು, ಸುಳ್ಳು ಹೇಳುವುದಿಲ್ಲ. ನೋಡದೆ ಯಾರು ಹೇಳುತ್ತಾರೆ? ಕತ್ತಲೆಯಲ್ಲಿ ಕೂತು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ನನಗೂ ಭಯವಾಗಿದೆ ಅತ್ತೆಮ್ಮ. ನೀವಿಲ್ಲದೆ ನನಗೆ ಆಗುವುದಿಲ್ಲ. ಬೈಯುವವರಿಲ್ಲದ ಮನೆಯಲ್ಲಿ ನೀರು ಚೆಲ್ಲಿದರೂ ಸುಖವಿಲ್ಲ.

ನಿನ್ನೆ ಎಲ್ಲವನ್ನೂ ನಿಮ್ಮ ಮಗನಿಗೆ ಹೇಳಿದೆ. ಅವರು ಎದ್ದು ಬೀದಿ ಕಡೆಯ ನಮ್ಮ ರೂಮಿನಿಂದ ನಮ್ಮ ಮಂಚವನ್ನು ಒಬ್ಬರೇ ಎಳೆದು ಹಜಾರಕ್ಕೆ ಹಾಕಿದರು. ಈಗ ಅಲ್ಲಿ ನಿಮ್ಮ ಮಂಚವಿದೆ. ನಾನು ಕೂತು ಬರೆಯುತ್ತಿರುವುದು ಅಲ್ಲಿಂದಲೇ. ಇಲ್ಲಿಂದ ಬೇವಿನ ಮರ, ಇಸ್ತ್ರಿ ಗಾಡಿ, ನೀರಿನ ಲಾರಿ ತಿರುಗುವ ಮೂಲೆ, ಯಾರ ಮನೆಗೆ ಯಾರು ಬಂದರು, ಎಲ್ಲವೂ ಕಾಣುತ್ತದೆ. ತಲೆ ದಕ್ಷಿಣಕ್ಕೇ ಬರುವಂತೆ ಹಾಕಿದ್ದೇವೆ, ಮೌನ ದಿಕ್ಸೂಚಿ ಇಟ್ಟು ನೋಡಿದಳು.

ಈ ವರ್ಷ ಮುನ್ನಾರು ಬೇಡ ಎಂದು ಇವತ್ತು ಬೆಳಗ್ಗೆ ನೇಹಾಗೆ ಹೇಳಿದೆ. ನಮ್ಮ ವಾರವನ್ನು ಹಾಗೇ ಉಳಿಸಿ ಮುಂದಿನ ವರ್ಷಕ್ಕೆ ಬರೆದುಕೊಳ್ಳಲು ಹೇಳಿದೆ. ಅವಳು, "ಮೇಡಂ... ಪಾಟ್ಟಿ?" ಎಂದಳು. ನಾನು, ಪಕ್ಕದ ಫ್ಲಾಟಿನವರು ಕಿಟಕಿಗೆ ಬಂದು ನೋಡುವಷ್ಟು ಜೋರಾಗಿ, ಕನ್ನಡದಲ್ಲೇ ಹೇಳಿದೆ: "ನಮ್ಮ ಅತ್ತೆ ಮುಂದಿನ ವರ್ಷವೂ ಬರ್ತಾರೆ, ಅದರ ಮುಂದಿನ ವರ್ಷವೂ ಬರ್ತಾರೆ!" ಹೇಳಿ ಸುಮ್ಮನೆ ನಿಂತೆ. ನೇಹಾ ಹಲೋ ಹಲೋ ಎನ್ನುತ್ತಿದ್ದಳು. ನಾನು ಬೇಕೆಂದೇ ಮಾತಾಡಲಿಲ್ಲ. ಅಸ್ತು ಅನ್ನುವವರಿಗೂ ಸ್ವಲ್ಪ ಸಮಯ ಬೇಕಲ್ಲ.

ಯಾವ ರೂಮು ಬೇಕೆಂದು ಕೊನೆಗೆ ಅವಳು ಕೇಳಿದಳು. ಮೆಟ್ಟಿಲು ಇರಬಾರದು, ಒಂದು ಕಿಟಕಿ ಇರಬೇಕು, ಜನರೇಟರ್ ಕಂಡರೂ ಸರಿಯೇ ಎಂದೆ.

ನಿಮ್ಮ ಮಗ ಶನಿವಾರ ಬೆಳಗ್ಗೆ ಮದ್ದೂರಿಗೆ ಬರುತ್ತಾರೆ. ಅವರ ಜೊತೆ ಹೊರಟು ಬನ್ನಿ, ಇಲ್ಲಿಂದ ಒಯ್ದ ನಿಮ್ಮ ಲೋಟವನ್ನೂ ತನ್ನಿ. ಎಲ್ಲ ಸೊಸೆಯರೂ ಕಾಗದದ ಕೊನೆಯಲ್ಲಿ ಆಶೀರ್ವಾದ ಬೇಡುತ್ತಾರೆ. ನಾನು ಬೇಡುವುದಿಲ್ಲ, ಬಂದು ತಲೆ ಮುಟ್ಟಿ ಮಾಡಿ. ನನ್ನ ತಲೆ, ಮೌನಳ ತಲೆ, ಎರಡೂ ಕಾಯುತ್ತಿವೆ.

ದಾರಿಗೆ ಒಂದು ಮಾತು. ಅವರು ಸಂಕೋಚದ ಪ್ರಾಣಿ, ಬಸ್ಸಿನಲ್ಲಿ ಕಿಟಕಿ ಸೀಟು ಕೇಳುವುದಿಲ್ಲ. ನೀವೇ ಕೇಳಿ. ಕೊಡದಿದ್ದರೆ ಕೆಮ್ಮಿ. ಮೂರು ಸಲ, ಜೋರಾಗಿ, ಸೆರಗು ಬಾಯಿಗಿಟ್ಟು. ಆ ಸುಳ್ಳು ಕೆಮ್ಮು.

ನಿಮ್ಮ ನಾಟಕದ ಜೊತೆಗಾತಿ,
ಪಾವನಾ